ತಂಗಿ ನಗುವ ಜಾಗ

ಆ ಹುಡುಗ ಪ್ರತಿ ಸಲವೂ ನನ್ನ ಚೀಲದಲ್ಲಿದ್ದ ಅತಿ ದಪ್ಪ ಪುಸ್ತಕವನ್ನೇ ತೆಗೆದುಕೊಳ್ಳುತ್ತಿದ್ದ. ಆರನೇ ತರಗತಿ, ಕೊನೆಯ ಸಾಲು, ಗೋಡೆ ಪಕ್ಕ. ಪುಸ್ತಕ ತೆರೆದು ತಲೆ ತಗ್ಗಿಸಿ ಕೂತರೆ ಗಂಟೆ ಹೊಡೆಯುವವರೆಗೂ ಅಲ್ಲಾಡುತ್ತಿರಲಿಲ್ಲ. ವಾರಕ್ಕೊಂದು ದಿನ ಮಕ್ಕಳ ಜೊತೆ ಓದಲು ಹೋಗುತ್ತಿದ್ದ ನನಗೆ ಅವನನ್ನು ನೋಡಿದರೆ ಖುಷಿ. ಆ ಶಾಲೆಯಲ್ಲಿ ಮನೆಯಲ್ಲಿ ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕವೇ ಇಲ್ಲದ ಮಕ್ಕಳೇ ಜಾಸ್ತಿ. ಅಂಥ ಕಡೆ ಇಂಥ ಓದುಗ ಸಿಕ್ಕಿದನಲ್ಲ ಅಂದುಕೊಂಡೆ.

ನಾಲ್ಕನೇ ವಾರ ಗಮನಿಸಿದೆ. ಅವನು ಪುಟ ತಿರುಗಿಸುವುದು ಒಂದೇ ಲೆಕ್ಕದಲ್ಲಿ. ಪುಟದ ತುಂಬ ಚಿತ್ರವಿದ್ದರೂ ಅಷ್ಟೇ ಹೊತ್ತು, ಪುಟದ ತುಂಬ ಅಕ್ಷರವಿದ್ದರೂ ಅಷ್ಟೇ ಹೊತ್ತು. ಕಣ್ಣು ಸಾಲಿನ ಮೇಲೆ ಓಡುತ್ತಲೇ ಇರಲಿಲ್ಲ.

ಆಗ ನಾನು ತಪ್ಪು ಮಾಡಿದೆ. ಎಲ್ಲರ ಎದುರು ನಿಲ್ಲಿಸಿ, ಒಂದು ಪ್ಯಾರಾ ಗಟ್ಟಿಯಾಗಿ ಓದು ಅಂದೆ. "ತಲೆನೋವು ಅಕ್ಕಾ" ಅಂದ. ಇಬ್ಬರು ಕಿಸಕ್ಕನೆ ನಕ್ಕರು. ಮುಂದಿನ ವಾರ ನಾನು ಹೋದಾಗ ಅವನು ಕ್ಲಾಸಿನಲ್ಲಿ ಇರಲಿಲ್ಲ. ಅಂಗಳದ ಮೂಲೆಯಲ್ಲಿ ಒಬ್ಬನೇ ಕೂತಿದ್ದ. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಪುಸ್ತಕ ಬೇಡ ಅನ್ನುವ ಎಷ್ಟೋ ಮಕ್ಕಳು ಕಥೆ ಹೇಳಿದರೆ ಬಾಯಿಬಿಟ್ಟು ಕೇಳುತ್ತಾರೆ. ಕಷ್ಟ ಇರುವುದು ಅಕ್ಷರದ ಹತ್ತಿರ. ಒಂದೊಂದೇ ಅಕ್ಷರ ಕೂಡಿಸಿ ಓದುವ ಮಗುವಿಗೆ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಏನಿತ್ತು ಅನ್ನುವುದೇ ಮರೆತಿರುತ್ತದೆ. ಕಥೆ ಕೈಗೇ ಸಿಗುವುದಿಲ್ಲ. ಸಿಗದ ಮೇಲೆ ಯಾಕಾದರೂ ಓದಬೇಕು, ಅಲ್ವಾ? ಚೆನ್ನಾಗಿ ಓದುವವರು ಹೆಚ್ಚು ಓದಿ ಇನ್ನೂ ಮುಂದೆ ಹೋಗುತ್ತಾರೆ, ಹಿಂದುಳಿದವರು ಓದುವುದನ್ನೇ ಬಿಟ್ಟು ಇನ್ನೂ ಹಿಂದೆ ಬೀಳುತ್ತಾರೆ ಎಂದು ಮನೋವಿಜ್ಞಾನಿ ಕೀತ್ ಸ್ಟಾನೊವಿಚ್ 1986ರಲ್ಲೇ ಬರೆದಿದ್ದರು. ಈ ಹುಡುಗನಿಗೆ ಬೇಕಿದ್ದದ್ದು ಪುಟಕ್ಕೊಂದು ಸಾಲಿರುವ ಪುಸ್ತಕ. ಆದರೆ 11 ವರ್ಷದವನ ಕೈಗೆ, ಗೆಳೆಯರ ಎದುರು, ಒಂದನೇ ಕ್ಲಾಸಿನ ಪುಸ್ತಕ ಕೊಡುವುದು ಹೇಗೆ? ಆ ದಪ್ಪ ಪುಸ್ತಕ ಅವನ ಮರ್ಯಾದೆ ಕಾಯುತ್ತಿತ್ತು.

ದಾರಿ ತಾನಾಗಿ ಸಿಕ್ಕಿತು. ಒಂದು ದಿನ ಒಂದನೇ ತರಗತಿಯ ಟೀಚರ್ ರಜೆ. ಚಿಕ್ಕ ಮಕ್ಕಳ ಗಲಾಟೆ ಶಾಲೆಗೆಲ್ಲ ಕೇಳುತ್ತಿತ್ತು. ಅಂಗಳದಲ್ಲಿದ್ದ ಅವನ ಹತ್ತಿರ ಹೋಗಿ, "ಈ ಮಕ್ಕಳಿಗೆ ಒಂದು ಕಥೆ ಓದಿ ಹೇಳಬೇಕು, ನನ್ನೊಬ್ಬಳ ಕೈಲಿ ಆಗಲ್ಲ, ಸಹಾಯ ಮಾಡ್ತೀಯಾ?" ಅಂದೆ. ಚೀಲದಿಂದ ಕಪ್ಪೆಯ ಕಥೆಯೊಂದನ್ನು ತೆಗೆದೆ. 10 ಪುಟ ಅಷ್ಟೇ. ಅವನು ಪುಸ್ತಕ ನೋಡಿದ, ನನ್ನ ಮುಖ ನೋಡಿದ. "ಮೊದಲು ಪ್ರಾಕ್ಟೀಸ್ ಮಾಡ್ಬೇಕು" ಅಂದ.

ಜಗಲಿಯಲ್ಲಿ ಕೂತೆವು. ಜೋಡಿ ಓದು ಅಂತ ಒಂದು ಕ್ರಮ ಇದೆ. ಇಬ್ಬರೂ ಒಟ್ಟಿಗೆ ದನಿ ಕೂಡಿಸಿ ಓದುವುದು. ಮಗುವಿಗೆ ಧೈರ್ಯ ಬಂದಾಗ ಒಂದು ಸನ್ನೆ ಮಾಡುತ್ತದೆ, ದೊಡ್ಡವರು ಸುಮ್ಮನಾಗಬೇಕು. ತಡವರಿಸಿದರೆ ನಾಲ್ಕೈದು ಸೆಕೆಂಡ್ ಕಾದು, ಆ ಪದ ಹೇಳಿಕೊಟ್ಟು, ಮತ್ತೆ ಜೊತೆಗೆ ಓದಬೇಕು. ಬೈಯುವಂತಿಲ್ಲ, ಪಾಠ ಮಾಡುವಂತಿಲ್ಲ. ಮೊದಲ ಸಲ ಅವನು ಒತ್ತಕ್ಷರ ನುಂಗಿ 'ಕಪೆ' ಅಂದ. ಬೆರಳು ಆ ಒತ್ತಿನ ಮೇಲೇ ನಿಂತಿತು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಮೂರು ಅನ್ನುವಷ್ಟರಲ್ಲಿ "ಕಪ್ಪೆ!" ಅಂದ. ಮೂರನೇ ಸಲ ಓದುವಾಗ ನೆಲಕ್ಕೆ ಟಕ್ ಅಂತ ಬಡಿದ. ನಾನು ಸುಮ್ಮನಾದೆ.

ಆಮೇಲೆ ಚಿಕ್ಕವರ ನಡುವೆ ಕೂತ. ದನಿ ನಡುಗುತ್ತಿತ್ತು. ಎರಡನೇ ಪುಟಕ್ಕೇ ಒಂದು ಹುಡುಗಿ ಪುಸ್ತಕದ ಮೇಲೆ ಕೈ ಇಟ್ಟು, "ಕಪ್ಪೆ ಯಾಕೆ ಅಳ್ತಿದೆ ಅಣ್ಣಾ?" ಅಂದಳು. "ತಡಿ, ಮುಂದೆ ಬರುತ್ತೆ" ಅಂದ. ಮುಂದೆ ಏನು ಬರುತ್ತದೆ ಅಂತ ಅವನಿಗೆ ಗೊತ್ತಿತ್ತು! ಮುಗಿದಾಗ ಎಲ್ಲರೂ "ಇನ್ನೊಂದ್ಸಲ" ಅಂತ ಕೂಗಿದರು. ಎರಡನೇ ಸಲ ಓದುವಾಗ ಕಪ್ಪೆಗೆ ಗೊಗ್ಗರು ದನಿ ಬಂದಿತ್ತು.

ಗಂಟೆ ಹೊಡೆದ ಮೇಲೆ ನನ್ನ ಹಿಂದೆಯೇ ಬಂದ. "ಇದನ್ನ ಮನೆಗೆ ಒಯ್ಯಲಾ? ತಂಗಿ ಇದ್ದಾಳೆ."

ಶಾಲೆಯಲ್ಲೂ ಬೀರು ತುಂಬ ಪುಸ್ತಕ ಇದ್ದವು, ಬೀಗದ ಹಿಂದೆ. ಹರಿದರೆ, ಕಳೆದರೆ ಲೆಕ್ಕ ಕೊಡಬೇಕಲ್ಲ ಅನ್ನುವ ಭಯ. ಆ ಭಯ ನನಗೆ ಅರ್ಥವಾಗುತ್ತದೆ. ಆದರೂ ಹೊಸ ಪುಸ್ತಕಗಳು ಮುಟ್ಟದೆಯೇ ಹಳದಿಯಾಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1931ರಲ್ಲಿ ಗ್ರಂಥಾಲಯಗಳಿಗೆ ಐದು ಸೂತ್ರ ಕೊಟ್ಟರು. ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವುದೇ ಅದರಲ್ಲಿ ಮೊದಲನೆಯದು. ಕಪ್ಪೆಯ ಪುಸ್ತಕ ನನ್ನದಾಗಿತ್ತು. ಕೊಟ್ಟು ಕಳಿಸಿದೆ.

ಮುಂದಿನ ವಾರ ಬಾಗಿಲಲ್ಲೇ ಕಾಯುತ್ತಿದ್ದ. ಪುಸ್ತಕದ ಮೂಲೆ ಮಡಚಿತ್ತು, ಒಂದು ಪುಟ ಒದ್ದೆಯಾಗಿ ಒಣಗಿತ್ತು. ಅಲ್ಲಲ್ಲಿ ಸಾಲಿನ ಕೊನೆಗೆ ಪೆನ್ಸಿಲಿನ ಸಣ್ಣ ಚುಕ್ಕಿಗಳಿದ್ದವು. ಕಷ್ಟದ ಪದಗಳಿಗೆ ಗುರುತು ಹಾಕಿದ್ದಾನೆ ಅಂದುಕೊಂಡು, "ಈ ಪದಗಳನ್ನ ಒಟ್ಟಿಗೆ ಓದೋಣ್ವಾ?" ಅಂದೆ.

"ಅದು ಹಂಗಲ್ಲ ಅಕ್ಕಾ" ಅಂದ. "ಅಲ್ಲಿ ತಂಗಿ ನಗ್ತಾಳೆ. ಸ್ವಲ್ಪ ನಿಲ್ಲಿಸಿ ಓದ್ಬೇಕು."