ಬೆಟಗೇರಿಯ ಪ್ರೆಸ್ಸಿನಲ್ಲಿ ವಿಳಾಸವಿಲ್ಲದ ಸ್ವಿಚ್

ಮೊದಲ ಭಾನುವಾರ

ಗದಗ-ಬೆಟಗೇರಿಯಲ್ಲಿ ನಮ್ಮ ಕಾಕಾನ ಮುದ್ರಣಾಲಯವಿದೆ. ಅಲ್ಲಿ ಎಂಟು ಪೋರ್ಟಿನ ಮ್ಯಾನೇಜ್ಡ್ ಸ್ವಿಚ್ಚೊಂದನ್ನು (ಕಂಪ್ಯೂಟರು, ಪ್ರಿಂಟರುಗಳನ್ನು ಒಂದೇ ಜಾಲಕ್ಕೆ ಜೋಡಿಸುವ, ಸೆಟ್ಟಿಂಗ್ ಬದಲಿಸಬಹುದಾದ ಪೆಟ್ಟಿಗೆ) ಗೋಡೆಗೆ ಕೂರಿಸಿ ಕೇಬಲ್ ಚುಚ್ಚಿದೆ. ಹಸಿರು ದೀಪಗಳು ಮಿನುಗಿದವು, ಡಿಸೈನ್ ಕಂಪ್ಯೂಟರಿನಿಂದ ಪ್ರಿಂಟರಿಗೆ ಫೈಲ್ ಹೋಯಿತು. ಸಿಸಿಟಿವಿ ಕ್ಯಾಮೆರಾಗಳನ್ನು ಬೇರೆ ವಿಎಲ್ಎಎನ್‌ಗೆ, ಅಂದರೆ ಅದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲಕ್ಕೆ, ಹಾಕಬೇಕೆಂಬುದು ನನ್ನ ಆಸೆ. ಅದಕ್ಕೆ ಸ್ವಿಚ್ಚಿನ ಸೆಟ್ಟಿಂಗ್ ಪುಟ ತೆರೆಯಬೇಕು, ಪುಟ ತೆರೆಯಲು ಅದರ ಐಪಿ ವಿಳಾಸ, ಅಂದರೆ ಜಾಲದಲ್ಲಿ ಅದರ ಸಂಖ್ಯೆ, ಬೇಕು.

"ಕೆಲಸ ನಡೆದಿದೆಯಲ್ಲ, ಅದರ ವಿಳಾಸ ಯಾಕೆ ಬೇಕು ನಿನಗೆ?" ಎಂದರು ಕಾಕಾ. ಮಾತು ಸುಳ್ಳಲ್ಲ. ಸ್ವಿಚ್ ಪ್ರತಿ ಸಾಧನಕ್ಕೆ ಕಾರ್ಖಾನೆಯಲ್ಲೇ ಕೊಟ್ಟ ಮ್ಯಾಕ್ ವಿಳಾಸ ನೋಡಿ ದತ್ತಾಂಶ ದಾಟಿಸುತ್ತದೆ. ಐಪಿ ಬೇಕಾಗುವುದು ಅದರೊಡನೆ ನಾವು ಮಾತಾಡುವುದಕ್ಕೆ ಮಾತ್ರ.

ರೌಟರಿನ ಡಿಎಚ್‌ಸಿಪಿ ಪಟ್ಟಿಯಲ್ಲಿ, ಅಂದರೆ ಅದು ತಾನಾಗಿ ಐಪಿ ಹಂಚಿದವರ ಪಟ್ಟಿಯಲ್ಲಿ, ಏಳು ಸಾಧನಗಳಿದ್ದವು. ಜಾಲದಲ್ಲಿರುವ ಸಾಧನಗಳನ್ನು ಹುಡುಕುವ ಎನ್‌ಮ್ಯಾಪ್ ತಂತ್ರಾಂಶದಿಂದ 192.168.1.1ರಿಂದ 254ರವರೆಗೆ ಒಂದೊಂದು ಬಾಗಿಲನ್ನೂ ತಟ್ಟಿಸಿದೆ. ರೌಟರ್ ಬಿಟ್ಟರೆ ಓಗೊಟ್ಟದ್ದು ಅದೇ ಏಳು. ಮ್ಯಾಕ್ ವಿಳಾಸದ ಮೊದಲ ಆರು ಅಂಕಿ-ಅಕ್ಷರಗಳು ತಯಾರಕರನ್ನು ಸೂಚಿಸುತ್ತವೆ. ಹಾಗಾಗಿ ಹೋಲಿಸಿ ನೋಡೋಣವೆಂದರೆ, ಸ್ವಿಚ್ಚಿನ ಲೇಬಲ್ಲನ್ನು ನಾನೇ ಗೋಡೆಯ ಕಡೆ ಮುಖ ಮಾಡಿ ಕೂರಿಸಿದ್ದೆ! ಸ್ಕ್ರೂ ಬಿಚ್ಚಿ ಬರೆದುಕೊಂಡೆ. ಏಳರಲ್ಲಿ ಒಂದೂ ಹೊಂದಲಿಲ್ಲ.

ಎರಡನೆಯ ಭಾನುವಾರ

ತಪ್ಪು ಓಣಿಯಲ್ಲಿ ಹುಡುಕುತ್ತಿದ್ದೆ. ಎಷ್ಟೋ ಮ್ಯಾನೇಜ್ಡ್ ಸ್ವಿಚ್ಚುಗಳು ಡಿಎಚ್‌ಸಿಪಿ ಕೇಳುವುದೇ ಇಲ್ಲ, ಕಾರ್ಖಾನೆ ಕೊಟ್ಟ ಸ್ಥಿರ ವಿಳಾಸವನ್ನೇ ಹಿಡಿದು ಕೂರುತ್ತವೆ. ಅದು ಬೇರೆ ಸಬ್‌ನೆಟ್ಟಿನಲ್ಲಿದ್ದರೆ, ಅಂದರೆ ಬೇರೆ ವಿಳಾಸಗಳ ಗುಂಪಿನಲ್ಲಿದ್ದರೆ, ನನ್ನ ತಟ್ಟುವಿಕೆ ಅಲ್ಲಿಗೆ ಮುಟ್ಟುವುದೇ ಇಲ್ಲ. ವಿಳಾಸ ಪೆಟ್ಟಿಗೆಯೊಳಗಿನ ಹಾಳೆಯಲ್ಲಿರಬೇಕು. ಹಾಳೆ ಎಲ್ಲಿ? ಗಲ್ಲಾಪೆಟ್ಟಿಗೆಯ ಮೇಲಿತ್ತು. ಒಂದು ಬದಿ ಕೋರಾ ಎಂದು ಕಂಡ ಕೂಡಲೇ ಕಾಕಾ ಅದರ ಮೇಲೆ ಮದುವೆ ಕಾರ್ಡಿನ ಲೆಕ್ಕ ಬರೆದಿದ್ದರು. ಮುದ್ರಣದವರ ಕೈಯಲ್ಲಿ ಕಾಗದ ವ್ಯರ್ಥವಾಗುವುದಿಲ್ಲ. ತಿರುಗಿಸಿದರೆ, ಶಾಯಿಯ ಹೆಬ್ಬೆರಳ ಗುರುತಿನ ಕೆಳಗೆ 10.90.90.90.

ಸ್ವಿಚ್ಚಿಗೆ ಲ್ಯಾಪ್‌ಟಾಪನ್ನು ನೇರ ಜೋಡಿಸಿ, ಅದೂ ಅದೇ ಸಬ್‌ನೆಟ್ಟಿಗೆ ಸೇರಲೆಂದು 10.90.90.91, ಮಾಸ್ಕ್ (ಸಬ್‌ನೆಟ್ಟಿನ ಗಡಿ ಹೇಳುವ ಸಂಖ್ಯೆ) 255.0.0.0 ಕೊಟ್ಟೆ. ಬ್ರೌಸರಿನಲ್ಲಿ ಲಾಗಿನ್ ಪುಟ ತೆರೆಯಿತು. ಮೊದಲು ಪಾಸ್‌ವರ್ಡ್ ಬದಲಿಸಿದೆ. ರೌಟರ್ 192.168.1.100ರಿಂದ ಮೇಲಿನ ವಿಳಾಸಗಳನ್ನಷ್ಟೇ ಹಂಚುವುದರಿಂದ, ಘರ್ಷಣೆಯಾಗದಂತೆ ಸ್ವಿಚ್ಚಿಗೆ 192.168.1.2 ಕೊಟ್ಟೆ. ಪುಟ ಹಾಗೆಯೇ ನಿಂತುಬಿಟ್ಟಿತು. ಕೆಟ್ಟಿತೆಂದು ಎದೆ ಧಸಕ್ಕೆಂದಿತು. ಕೆಟ್ಟಿರಲಿಲ್ಲ, ಸ್ವಿಚ್ ಹೊಸ ಮನೆಗೆ ಹೋಗಿತ್ತು, ನನ್ನ ಲ್ಯಾಪ್‌ಟಾಪ್ ಹಳೆಯ ಓಣಿಯಲ್ಲೇ ಉಳಿದಿತ್ತು. ಲ್ಯಾಪ್‌ಟಾಪನ್ನೂ ಮೊದಲಿನಂತೆ ಮಾಡಿದ ಮೇಲೆ ಪುಟ ಬಂತು.

ಸಂಜೆ ಕರೆಂಟ್ ಹೋಗಿ ಬಂದಾಗ ಸ್ವಿಚ್ ಮತ್ತೆ 10.90.90.90ಕ್ಕೆ ಮರಳಿತ್ತು. 'ಸೇವ್ ಕಾನ್ಫಿಗರೇಶನ್' ಒತ್ತುವುದನ್ನು ಮರೆತಿದ್ದೆ. ಎಲ್ಲವನ್ನೂ ಮೊದಲಿನಿಂದ ಮಾಡಿ, ಈ ಸಲ ಉಳಿಸಿ, ಪ್ಲಗ್ ಕಿತ್ತು ಹಾಕಿ ನೋಡಿದೆ. ವಿಳಾಸ ಕದಲಲಿಲ್ಲ. ಮಾರ್ಕರ್ ತೆಗೆದುಕೊಂಡು ಸ್ವಿಚ್ಚಿನ ಮುಖದ ಮೇಲೆಯೇ 192.168.1.2 ಎಂದು ಬರೆದೆ.

ವಿಎಲ್ಎಎನ್ ಇನ್ನೂ ಬಾಕಿ. ಮದುವೆ ಕಾರ್ಡುಗಳ ಆರ್ಡರ್ ಮುಗಿಯುವವರೆಗೆ ಒಂದು ಕೇಬಲ್ಲನ್ನೂ ಮುಟ್ಟಬಾರದೆಂದು ಕಾಕಾನ ಅಪ್ಪಣೆಯಾಗಿದೆ.