ಇಂಗ್ಲಿಷಿಗೆ ದಾಟದ ‘ಕಳುಹಿಸಿ’

ಹೊಸನಗರ ತಾಲ್ಲೂಕಿನ ನಮ್ಮೂರಿನಲ್ಲಿ ಜುಲೈ ಎಂದರೆ ಅಡಿಕೆಗೆ ಬರುವ ಕೊಳೆರೋಗದ ಭಯ. ಆ ಸೋಮವಾರ ಮಳೆ ಸ್ವಲ್ಪ ಹೊಳವಾಗಿತ್ತು. ತೋಟಕ್ಕೆ ಔಷಧಿ ಹೊಡೆಯಲು, ಅಡಿಕೆ ಮರ ಹತ್ತುವ ಕೊನೆಗೌಡರು ಬಂದಿದ್ದರು. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ; ಬೋರ್ಡೋ ದ್ರಾವಣ ಕಲಸುವ ಗಡಿಬಿಡಿ. ಜಗಲಿಯಲ್ಲಿ ಸಿಗ್ನಲ್ ಸಿಗುವ ಒಂದೇ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಕೈಗಂಟಿದ ನೀಲಿಯನ್ನು ಒರೆಸಿಕೊಳ್ಳುತ್ತಲೇ ಬರ್ಲಿನ್‌ನಲ್ಲಿರುವ ಸಹೋದ್ಯೋಗಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದೆ: ತಿದ್ದಿದ ಚಿತ್ರಗಳನ್ನು ಇವತ್ತೇ ಕಳುಹಿಸಿ. ‘ಇವತ್ತು’ ಎಂಬ ಪದವನ್ನು ದೊಡ್ಡಕ್ಷರಗಳಲ್ಲಿ (ಕ್ಯಾಪಿಟಲ್) ಟೈಪ್ ಮಾಡಿದ್ದೆ. ಹತ್ತೇ ನಿಮಿಷದಲ್ಲಿ ಕರೆಂಟ್ ಹೋಯಿತು. ಸಂಜೆಯ ಹೊತ್ತಿಗೆ ಟವರ್‌ನ ಬ್ಯಾಟರಿಯೂ ಮುಗಿಯಿತು.

ಬುಧವಾರ ಬೆಳಿಗ್ಗೆ ನೆಟ್‌ವರ್ಕ್ ಬಂದಾಗ ಅವರ ನಾಲ್ಕು ಸಂದೇಶಗಳಿದ್ದವು. ಚಿತ್ರಗಳು ಯಾವ ಅಳತೆಯಲ್ಲಿ ಬೇಕು? ಎರಡು ಗಂಟೆ ಬಿಟ್ಟು ಮತ್ತೆ ಅದೇ ಪ್ರಶ್ನೆ. ಅವರ ಗಡಿಯಾರದಲ್ಲಿ ರಾತ್ರಿ ಹನ್ನೊಂದೂವರೆಗೆ, ಎರಡೂ ಅಳತೆಗಳಲ್ಲಿ ಮಾಡಿಟ್ಟ 14 ಚಿತ್ರಗಳು. ಕೊನೆಯದು ಮಂಗಳವಾರದ್ದು: ನನ್ನಿಂದ ನಿಮಗೆ ಬೇಸರವಾಗಿದ್ದರೆ ಕ್ಷಮಿಸಿ.

ಎದೆ ಧಸಕ್ಕೆಂದಿತು. ಆ ಚಿತ್ರಗಳು ಶುಕ್ರವಾರ ಬಂದಿದ್ದರೂ ನಡೆಯುತ್ತಿತ್ತು.

ನನ್ನ ಸಾಲನ್ನು ಮತ್ತೆ ಮತ್ತೆ ಓದಿದೆ. ನನ್ನ ಮನಸ್ಸಿನಲ್ಲಿದ್ದದ್ದು ‘ಕಳುಹಿಸಿ’. ಕನ್ನಡದಲ್ಲಿ ‘ಕಳುಹಿಸು’ ಬೇರೆ, ‘ಕಳುಹಿಸಿ’ ಬೇರೆ. ಕೊನೆಯ ಆ ಒಂದು ಸ್ವರವೇ ಗೌರವವನ್ನು ಹೊತ್ತಿರುತ್ತದೆ. ಮಾತುಮಾತಿಗೆ ‘ದಯವಿಟ್ಟು’ ಎನ್ನಬೇಕಿಲ್ಲ. ಇಂಗ್ಲಿಷಿಗೆ ಹೋಗುವಾಗ ಆ ಸ್ವರ ಹೊಳೆಯ ಈಚೆಯೇ ಉಳಿಯಿತು, ಅವರಿಗೆ ಮುಟ್ಟಿದ್ದು ಬರಿಯ ಅಪ್ಪಣೆ. ದೊಡ್ಡಕ್ಷರದ ಕಥೆಯೂ ಹೀಗೆಯೇ. ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲ. ನನಗದು ಅಡಿಗೆರೆ ಎಳೆದಂತೆ. ಆದರೆ ದೊಡ್ಡಕ್ಷರ ಕೂಗಿದಂತೆ ಕಾಣುತ್ತದೆ ಎಂದು ‘ಆರ್‌ಎಫ್‌ಸಿ 1855’ ಎಂಬ ಅಂತರಜಾಲ ಶಿಷ್ಟಾಚಾರದ ಮಾರ್ಗಸೂಚಿ 1995ರಲ್ಲೇ ಎಚ್ಚರಿಸಿತ್ತು.

ಕ್ಷಮೆ ಕೇಳಿ ಬರೆಯಲು ಹೊರಟು ಅಳಿಸಿದೆ. ಇಂಥದ್ದನ್ನು ದನಿಯಲ್ಲೇ ಹೇಳಬೇಕು. ನಮ್ಮ ಮಳೆಗಾಲ ಅವರಿಗೆ ಬೇಸಿಗೆ; ಆಗ ಬರ್ಲಿನ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಅಲ್ಲಿ ಒಂಬತ್ತಾಗಲೆಂದು ನಮ್ಮ ಹನ್ನೆರಡೂವರೆಯವರೆಗೆ ಕಾದು ಕರೆ ಮಾಡಿದೆ. ಆ ಸಾಲಿಗಿಂತಲೂ ಆಮೇಲಿನ ಮೌನ ಹೆಚ್ಚು ಹೆದರಿಸಿತು ಎಂದರು. ಮಳೆಗೆ ಎರಡು ದಿನ ಊರಿನ ಫೋನುಗಳೆಲ್ಲ ಸುಮ್ಮನಾಗಬಹುದೆಂದು ಅವರಿಗೆ ಗೊತ್ತಿರಲಿಲ್ಲ. ಒಂದೂವರೆ ವರ್ಷ ಜೊತೆಗೆ ಕೆಲಸ ಮಾಡಿಯೂ ನಾನು ಅದನ್ನು ಹೇಳಿರಲಿಲ್ಲ.

ಅಂದು ಸಂಜೆ ನೆರೆಮನೆಯವರು ಬೇಲಿಬಾಗಿಲಿನ ಉಣಗೋಲಿನ ಆಚೆ ನಿಂತು, “ಅಮ್ಮಾ, ಇದ್ದೀರಾ?” ಎಂದು ಕೂಗಿದರು. ಜಗಲಿಯಲ್ಲಿ ಕೂತು ಎಲೆ-ಅಡಿಕೆಯ ಕವಳ ಹಾಕಿದರು, ಯಾರ ತೋಟಕ್ಕೆ ಕೊಳೆ ಬಂತೆಂದು ಹೇಳಿದರು, ಏಳುವ ಮೊದಲು ಒಂದು ಚೂರು ಮೈಲುತುತ್ತ ಇದೆಯೇ ಎಂದು ಕೇಳಿದರು. ಅವರು ಕೂತಾಗಲೇ ಅಮ್ಮನಿಗೆ ವಿಷಯ ತಿಳಿದಿತ್ತು. ಈ ಚೆಂದದ ಬಳಸುದಾರಿ ದೂರದವರ ಜೊತೆ ನಡೆಯುವುದಿಲ್ಲ. ಬರಿಯ ‘ಹಲೋ’ ಕಳುಹಿಸಿ ಸುಮ್ಮನಾದರೆ ಆಚೆಯವರು ಏನೋ ಎಂತೋ ಎಂದು ಕಾಯುತ್ತಾರೆ. ನಮ್ಮ ಉತ್ತರ ಹೋಗುವಷ್ಟರಲ್ಲಿ ಅವರಲ್ಲಿ ರಾತ್ರಿ. ಕುಶಲ, ಕೆಲಸ, ಗಡುವು ಮೂರೂ ಒಂದೇ ಸಂದೇಶದಲ್ಲಿ ಹೋಗಬೇಕು.

ನಿನ್ನೆ ಬರೆದದ್ದು ಹೀಗಿತ್ತು: ‘ನಮಸ್ಕಾರ. ಮೂರನೆಯ ಅಧ್ಯಾಯದ ಎರಡು ಚಿತ್ರಗಳು ದೊಡ್ಡ ಅಳತೆಯಲ್ಲಿ ಬೇಕಿವೆ. ಶುಕ್ರವಾರ ನಿಮ್ಮ ಕೆಲಸ ಮುಗಿಯುವುದರೊಳಗೆ ಸಿಕ್ಕರೆ ಸಾಕು. ಇಲ್ಲಿ ಮೋಡ ಕವಿದಿದೆ. ನನ್ನಿಂದ ಎರಡು ದಿನ ಉತ್ತರ ಬಾರದಿದ್ದರೆ ಕರೆಂಟ್ ಹೋಗಿದೆ ಎಂದು ತಿಳಿಯಿರಿ, ಅಳತೆಯ ವಿಷಯದಲ್ಲಿ ನಿಮಗೆ ಸರಿ ಕಂಡಂತೆ ಮಾಡಿ.’