ಪೇತ್ರ ಮೀನು ಹಿಡಿಯಲು ಹೋದದ್ದು ತಪ್ಪಲ್ಲ

ಯೋಹಾನನ ಸುವಾರ್ತೆಯ 21ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯ, ಮೊದಲು ಬೆಸ್ತನಾಗಿದ್ದ ಪೇತ್ರ ಇದ್ದಕ್ಕಿದ್ದಂತೆ ಮೀನು ಹಿಡಿಯಲು ಹೊರಡುತ್ತಾನೆ. ಯೇಸು ಸತ್ತು ಎದ್ದ ಮೇಲಿನ ಸಂಗತಿ ಅದು. ಈ ಭಾಗದ ಮೇಲೆ ಚರ್ಚಿನಲ್ಲಿ ನಾನು ಕೇಳಿದ ಪ್ರಸಂಗಗಳಲ್ಲಿ ಜಾಸ್ತಿ ಒಂದೇ ಧಾಟಿಯವು: ಪೇತ್ರ ಯೇಸುವಿನ ಕರೆಯನ್ನು ಮರೆತ, ಹಳೇ ಕಸುಬಿಗೆ ಜಾರಿದ. ನಾನು ಇದನ್ನು ಒಪ್ಪುವುದಿಲ್ಲ. ಮೀನಿಗೆ ಹೋದದ್ದಕ್ಕೆ ಯೇಸು ಅಲ್ಲಿ ಅವನಿಗೆ ಒಂದು ಮಾತೂ ಬೈಯುವುದಿಲ್ಲ. ಮನಸ್ಸು ಭಾರವಾದಾಗ ಕೈಗೆ ಗೊತ್ತಿರುವ ಕೆಲಸ ಹಿಡಿಯುವುದು ಸಹಜ ಅಲ್ವಾ? ಜೊತೆಗಿದ್ದ ಉಳಿದ ಆರು ಜನ ಶಿಷ್ಯರು ಬುದ್ಧಿ ಹೇಳಲಿಲ್ಲ. ನಾವೂ ಬರ್ತೀವಿ ಅಂದು ದೋಣಿ ಹತ್ತಿದರು. ಅದು ನನಗೆ ತುಂಬ ಇಷ್ಟ.

ನಮ್ಮ ಗೆಳೆಯನೊಬ್ಬ ಹೆಂಡತಿ ತೀರಿಕೊಂಡ ಮೇಲೆ ಚರ್ಚಿಗೆ ಬರುವುದನ್ನು ಬಿಟ್ಟಿದ್ದ. ಮೀನಿಗೆ ಕರೆದರೆ ಮಾತ್ರ ಬರುತ್ತಿದ್ದ. ಮೊನ್ನೆ ಶನಿವಾರವೂ ಬಂದ.

ಕತ್ತಲಿರುವಾಗಲೇ ದೋಣಿ ಇಳಿಸಿದೆವು. ಹೊರಡುವ ಮುಂಚೆ ಚಿಕ್ಕ ಪ್ರಾರ್ಥನೆ ಮಾಡುತ್ತೇವೆ. ಮೀನು ಕೊಡು ಅಂತ ನಾನು ಕೇಳುವುದಿಲ್ಲ. ಎಲ್ಲರನ್ನೂ ದಡಕ್ಕೆ ಸೇರಿಸು, ಈ ಬೆಳಗಿಗೆ ಸ್ತೋತ್ರ, ಅಷ್ಟೇ. ಅವನು ಟೋಪಿ ತೆಗೆದು ನಿಂತಿದ್ದ.

ಉಬ್ಬರ ಮುಗಿದು ನೀರು ಇಳಿಯಲು ಶುರುವಾಗುವ ಹೊತ್ತಿಗೆ ಅಳಿವೆಯ ಬಾಯಿಯಲ್ಲಿರಬೇಕು ಅನ್ನುವುದು ನಮ್ಮ ಲೆಕ್ಕ. ಇಳಿಯುವ ನೀರು ಸಿಗಡಿ, ಸಣ್ಣ ಮೀನುಗಳನ್ನು ಹೊರಗೆ ಎಳೆದು ತರುತ್ತದೆ. ದೊಡ್ಡ ಮೀನು ಕಲ್ಲಿನ ಮರೆಯಲ್ಲಿ, ಸೆಳೆತ ಕಮ್ಮಿ ಇರುವ ಕಡೆ ಕಾದಿರುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಅದು ಸೂರ್ಯೋದಯದ ಜೊತೆ ಕೂಡಿಬರುವ ಬೆಳಗುಗಳು ಕಡಿಮೆ. ಅಂಥ ಬೆಳಗು ಸಿಕ್ಕಿತ್ತು. ಆದರೂ ಬೆಳಕು ಹರಿಯುವವರೆಗೆ ಒಂದೂ ಕಚ್ಚಲಿಲ್ಲ.

ದೋಣಿಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಾ ಕೂರುವುದಿಲ್ಲ. ಎಲ್ಲರ ಕಣ್ಣೂ ನೀರಿನ ಮೇಲೆ. ಅದಕ್ಕೇ ಇರಬೇಕು, ಅವನು ಮಾತು ತೆಗೆದ. ಆಸ್ಪತ್ರೆಯ ಕೊನೆಯ ವಾರದಲ್ಲಿ ಎಷ್ಟು ಬೇಡಿಕೊಂಡೆ ಅಂತ ಹೇಳಿದ. ದೇವರ ಮೇಲೆ ಸಿಟ್ಟಿದೆ ಅಂದ. ನಾನು ಏನೋ ವಚನ ಹೇಳಲು ಹೋಗಲಿಲ್ಲ. ಎಂಜಿನ್ ಹತ್ತಿರ ಕೂತ ಗೆಳೆಯ, "ಆ ಸಿಟ್ಟನ್ನೇ ಅವನಿಗೆ ಹೇಳು ಕಣೋ, ಕೇಳ್ತಾನೆ" ಅಂದ. ನಾನೂ ಅದನ್ನೇ ನಂಬುತ್ತೇನೆ. ದಾವೀದನ ಕೀರ್ತನೆಗಳಲ್ಲಿ ಇಂಥ ಸಿಟ್ಟು ಎಷ್ಟೋ ಇದೆ.

ಆಮೇಲೆ ಅವನ ರೀಲ್ ಕಿರುಚಿತು. ಲೈನ್ ಕಲ್ಲಿಗೆ ಉಜ್ಜದ ಹಾಗೆ ರಾಡ್ ಎತ್ತಿ ಹಿಡಿದು, ನಿಧಾನಕ್ಕೆ ಹತ್ತಿರ ತಂದ. ಮೊಟ್ಟೆ ತುಂಬಿದ ದೊಡ್ಡ ಮೀನು. ಬಿಡೋಣ ಅಂದವನೂ ಅವನೇ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿದ. ಒಣಗಿದ ಕೈ ತಗುಲಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಅದೇ ಅದಕ್ಕೆ ರಕ್ಷಣೆ. ಗಾಳ ಬಿಡಿಸಿ, ತಲೆ ಹರಿವಿಗೆ ಎದುರಾಗಿರುವಂತೆ ನೀರಲ್ಲೇ ಹಿಡಿದಿದ್ದ. ಕಿವಿರು ಸರಿಯಾಗಿ ಆಡತೊಡಗಿದ ಮೇಲೆ ಕೈ ಸಡಿಲಿಸಿದ. ಅವನು ಅತ್ತದ್ದು ಆಗ. ನಾವು ಸುಮ್ನೆ ಇದ್ದೆವು.

ವಾಪಸ್ ಬರುವಾಗ ಪೇತ್ರನ ಕಥೆ ಎಲ್ಲಿದೆ ಅಂತ ಕೇಳಿದ. ಫೋನಿನಲ್ಲಿ ತೆಗೆದುಕೊಟ್ಟೆ. ಗಟ್ಟಿಯಾಗಿ ಓದಿದ. ರಾತ್ರಿಯೆಲ್ಲ ಬರಿಗೈ. ದಡದಲ್ಲಿ ಯೇಸು. ಅವನು ಹೇಳಿದ ಕಡೆ ಬಲೆ ಬೀಸಿದರೆ ಬಲೆ ತುಂಬ ಮೀನು. ಶಿಷ್ಯರು ಬಲೆ ಎಳೆದು ತರುವ ಮುಂಚೆಯೇ ಅಲ್ಲಿ ಕೆಂಡ, ಅದರ ಮೇಲೆ ಮೀನು, ಜೊತೆಗೆ ರೊಟ್ಟಿ. ಅಲ್ಲಿ ಅವನು ನಿಲ್ಲಿಸಿದ. "ಇವರ ಮೀನು ಬೇಕಾಗೇ ಇರಲಿಲ್ಲ, ಆದರೂ ನಿಮ್ಮದನ್ನೂ ತನ್ನಿ ಅಂತಾನೆ ನೋಡು" ಅಂದ. ಇಷ್ಟು ವರ್ಷ ಓದಿದ ನನಗೆ ಅದು ಹಾಗೆ ಹೊಳೆದಿರಲಿಲ್ಲ.

ಮುಂದೆ 153 ಮೀನು ಅಂತ ಬಂತು. ಅಷ್ಟು ದೊಡ್ಡ ಸಂಗತಿ ನಡೆದಿರುವಾಗ ಕೂತು ಎಣಿಸಿದವರು ಯಾರು ಅಂತ ಅವನ ಪ್ರಶ್ನೆ. ಎಂಜಿನ್ ಗೆಳೆಯನಿಗೆ ಅನುಮಾನವೇ ಇರಲಿಲ್ಲ: "ಏಳು ಜನ ಅಲ್ವಾ? ಪಾಲು ಹಾಕಬೇಕಾದರೆ ಎಣಿಸಲೇಬೇಕು."